ಜುಪಿಟರ್-8 ಲೆನ್ಸಲ್ಲಿ ಫೋಕಸ್ ತಪ್ತಿದ್ರೆ: ಬಿಚ್ಚೋಕೆ ಮುಂಚೆ ಏನೇನು ನೋಡ್ಬೇಕು

ಅಜ್ಜಿ ಜಗಲಿ ಮೇಲೆ ಕೂತಿದ್ರು, ಬೆಳಗಿನ ಬಿಸಿಲು ಪಕ್ಕದಿಂದ ಬೀಳ್ತಿತ್ತು, ಸುಮಾರು 1.2 ಮೀಟರ್ ದೂರದಿಂದ ಎಫ್ 2 (ಅಪರ್ಚರ್ ಅಂದ್ರೆ ಬೆಳಕಿನ ಕಿಂಡಿ ಪೂರ್ತಿ ತೆರೆದ ಸ್ಥಾನ) ಇಟ್ಟು ಅವರ ಕಣ್ಣಿಗೇ ಫೋಕಸ್ ಮಾಡಿ ಮೂರು ಫ್ರೇಮ್ ತೆಗೆದೆ. ನೆಗೆಟಿವ್ ಬಂದಾಗ ನೋಡಿದ್ರೆ ಮೂರರಲ್ಲೂ ಕಣ್ಣು ಮಂಕು, ಕಿವಿಯ ಓಲೆ ಮಾತ್ರ ಕಲ್ಲು ಎಣಿಸೋ ಹಾಗೆ ಕಾಣ್ತಿದೆ. ಒಂದು ಫ್ರೇಮ್ ಆಗಿದ್ರೆ ಅಜ್ಜಿ ಅಲುಗಾಡಿದ್ರೇನೋ ಅನ್ಕೋತಿದ್ದೆ, ಮೂರೂ ಒಂದೇ ಕಡೆಗೆ ಒಂದೇ ಅಳತೆಯಲ್ಲಿ ಹಿಂದಕ್ಕೆ ಹೋಗಿದೆ ಅಂದ್ರೆ ಅದು ಅಲುಗಾಟ ಅಲ್ಲ, ಎಲ್ಲೋ ಅಳತೆಯೇ ತಪ್ಪಿದೆ.

ಲೆನ್ಸ್ ರಷ್ಯಾದ ಜುಪಿಟರ್-8, 50 ಮಿಮೀ ಎಫ್ 2, 39 ಮಿಮೀ ಸ್ಕ್ರೂ ಮೌಂಟ್, ಅಂದ್ರೆ ಬಾಡಿಗೆ ತಿರುಪಿನ ಥರ ತಿರುಗಿಸಿ ಕೂರಿಸೋದು. ಬಾಡಿ ಕ್ಯಾನನ್ ಪಿ, 1959ರಲ್ಲಿ ಬಂದ ರೇಂಜ್‌ಫೈಂಡರ್ ಕ್ಯಾಮೆರಾ, ಅಂದ್ರೆ ಬೇರೆ ಕಿಂಡಿಯಲ್ಲಿ ಕಾಣೋ ಎರಡು ಬಿಂಬಗಳನ್ನ ಒಂದರ ಮೇಲೊಂದು ಸೇರಿಸಿ ಫೋಕಸ್ ಮಾಡೋದು. ಈ ಲೆನ್ಸ್ ಬಗ್ಗೆ ಯಾರನ್ನ ಕೇಳಿದ್ರೂ ಒಂದೇ ಉತ್ತರ, "ಹಳೇದು ಅಲ್ವಾ, ಸಾಫ್ಟ್ ಇರುತ್ತೆ, ಅದೇ ಅದರ ಚೆಂದ" ಅಂತ. ನಾನು ಇದನ್ನ ಒಪ್ಪಲ್ಲ. ಈ ಲೆನ್ಸಿಗೆ ಅದರದ್ದೇ ಗುಣ ಇದೆ ನಿಜ, ಆದ್ರೆ ಕಣ್ಣಿಗಿಟ್ಟ ಫೋಕಸ್ ಓಲೆಗೆ ಬೀಳೋದು ಗುಣ ಅಲ್ಲ, ದೋಷ. ಗುಣಕ್ಕೂ ದೋಷಕ್ಕೂ ಬೇರೆಬೇರೆ ಗುರುತು ಇರುತ್ತೆ, ಅದನ್ನ ಬಿಡಿಸಿ ನೋಡೋದು ಹೇಗೆ ಅಂತ ನಾನು ಮಾಡಿದ ಕ್ರಮದಲ್ಲೇ ಬರೀತೀನಿ. ಫಿಲ್ಮ್ ರೇಟು ಈಗ ಗೊತ್ತೇ ಇದೆ, ಹಾಗಾಗಿ ಇದರಲ್ಲಿ ಹೆಚ್ಚಿನ ಟೆಸ್ಟಿಗೆ ಫಿಲ್ಮೇ ಬೇಕಾಗಲ್ಲ.

ಮೊದ್ಲು ಈ ಲೆನ್ಸ್ ಏನು ಅಂತ ಸ್ವಲ್ಪ ತಿಳ್ಕೊಳ್ಳಿ, ಯಾಕಂದ್ರೆ ದೋಷದ ಅರ್ಧ ಉತ್ತರ ಇದರ ಹುಟ್ಟಿನಲ್ಲೇ ಇದೆ. ಮೂಲ ಡಿಸೈನು ಜರ್ಮನಿಯ ಝೈಸ್ ಸೊನ್ನಾರ್, ಮಾಡಿದವರು ಲುಡ್ವಿಗ್ ಬೆರ್ಟೆಲೆ, 1932ರ ಕಾಂಟ್ಯಾಕ್ಸ್ ಕ್ಯಾಮೆರಾಕ್ಕೆ ಬಂದ ಲೆನ್ಸ್ ಸಾಲು. ಎರಡನೇ ಮಹಾಯುದ್ಧ ಮುಗಿದ ಮೇಲೆ ಝೈಸ್‌ನ ಗಾಜು, ನಕ್ಷೆ, ಯಂತ್ರ ಎಲ್ಲ ಸೋವಿಯತ್ ಕಡೆಗೆ ಹೋಯ್ತು, ಮಾಸ್ಕೋ ಹತ್ರದ ಕ್ರಾಸ್ನೊಗೋರ್ಸ್ಕ್ ಕಾರ್ಖಾನೆ ಅದೇ ಸೊನ್ನಾರನ್ನ ಜುಪಿಟರ್ ಹೆಸರಲ್ಲಿ ಮಾಡೋಕೆ ಶುರು ಮಾಡ್ತು. ಅಲ್ಲಿನ ಲೆನ್ಸಲ್ಲಿ ಬೆಳಕಿನ ಗೆರೆ ಹಾದು ಹೋಗೋ ಪ್ರಿಸ್ಮ್ ಗುರುತು ಇರುತ್ತೆ, ಸೀರಿಯಲ್ ನಂಬರಿನ ಮೊದಲ ಎರಡು ಅಂಕಿ ಹೆಚ್ಚಾಗಿ ತಯಾರಾದ ವರ್ಷ, ಮುಂದಿನ ರಿಂಗ್ ಮೇಲೆ ಬಾಗಿಲ ಚೌಕಟ್ಟಿನ ಥರ ಕಾಣೋ ಕೆಂಪು ರಷ್ಯನ್ ಅಕ್ಷರ ಇದ್ರೆ ಅದು ಕೋಟಿಂಗ್ (ಬೆಳಕು ಪ್ರತಿಫಲಿಸೋದನ್ನ ಕಮ್ಮಿ ಮಾಡೋ ತೆಳು ಪದರ) ಇದೆ ಅನ್ನೋ ಗುರುತು. ಒಳಗೆ ಆರು ಗಾಜು, ಮೂರು ಗುಂಪು: ಮುಂದೆ ಒಂದು, ಮಧ್ಯದಲ್ಲಿ ಮೂರು ಅಂಟಿಸಿದ್ದು, ಹಿಂದೆ ಎರಡು ಅಂಟಿಸಿದ್ದು. ಕೋಟಿಂಗ್ ಇಲ್ಲದ ಕಾಲದಲ್ಲಿ ಗಾಜು-ಗಾಳಿ ಸೇರೋ ಒಂದೊಂದು ಮುಖದಲ್ಲೂ ಬೆಳಕು ಚದುರ್ತಿತ್ತು, ಅದಕ್ಕೇ ಬೆರ್ಟೆಲೆ ಗಾಜುಗಳನ್ನ ಅಂಟಿಸಿ ಆ ಮುಖಗಳನ್ನ ಆರಕ್ಕೆ ಇಳಿಸಿದ್ರು.

ಆ ಡಿಸೈನಿಗೆ ಒಂದು ಬೆಲೆ ಇದೆ, ಗೋಳಾಕಾರದ ವಿಪಥನ ಪೂರ್ತಿ ಸರಿಮಾಡಿಲ್ಲ, ಅಂದ್ರೆ ಗಾಜಿನ ಅಂಚಿನಿಂದ ಬಂದ ಕಿರಣ ಒಂದು ಕಡೆ ಸೇರಿದ್ರೆ ನಡುವಿನಿಂದ ಬಂದದ್ದು ಸ್ವಲ್ಪ ಬೇರೆ ಕಡೆ ಸೇರುತ್ತೆ. ಎಫ್ 2ರಲ್ಲಿ ಕೂದಲಿನ ಸುತ್ತ, ಬಿಳಿ ಬಟ್ಟೆ ಅಂಚಿನ ಸುತ್ತ ಕಾಣೋ ತೆಳು ಹೊಳಪು ಇದರದ್ದೇ. ಆದ್ರೆ ಆ ಹೊಳಪಿನ ಕೆಳಗೆ ವಿವರ ಇರ್ಲೇಬೇಕು. ಲೂಪ್ (ಸಣ್ಣ ಭೂತಗಾಜು) ಇಟ್ಟು ನೆಗೆಟಿವ್ ನೋಡಿ, ಹೊಳಪಿನ ಒಳಗೆ ರೆಪ್ಪೆಗೂದಲು ಬಿಡಿಬಿಡಿಯಾಗಿ ಕಂಡ್ರೆ ಅದು ಗುಣ, ರೆಪ್ಪೆಯೇ ಇಲ್ಲ ಅಂದ್ರೆ ದೋಷ. ಸ್ಕ್ಯಾನ್ ನೋಡಿ ತೀರ್ಮಾನ ಮಾಡ್ಬೇಡಿ, ಲ್ಯಾಬಿನ ಸಣ್ಣ ಸ್ಕ್ಯಾನಲ್ಲಿ ಶಾರ್ಪ್‌ನೆಸ್ ಹಾಕಿರ್ತಾರೆ, ಕೆಲವು ಸಲ ಸ್ಕ್ಯಾನರ್ ಫೋಕಸ್ಸೇ ಹೋಗಿರುತ್ತೆ.

ಕೈಯಲ್ಲೇ ಮಾಡೋ ಪರೀಕ್ಷೆ

ಸ್ಕ್ರೂಡ್ರೈವರ್ ಮುಟ್ಟೋಕೆ ಮುಂಚೆ ಎರಡು ವಿಷಯ. ಒಂದು, ಲೆನ್ಸ್ ಬಾಡಿಗೆ ಪೂರ್ತಿ ಕೂತಿದೆಯಾ? ಹಳೇ ಗ್ರೀಸ್ ಗಟ್ಟಿಯಾದ ಜುಪಿಟರಲ್ಲಿ ಫೋಕಸ್ ರಿಂಗ್ ತಿರುಗಿಸಿದ್ರೆ ಕೆಲವು ಸಲ ರಿಂಗ್ ತಿರುಗೋ ಬದಲು ಲೆನ್ಸೇ ಮೌಂಟಿಂದ ಬಿಚ್ಕೊಳ್ಳುತ್ತೆ, ನಮಗೆ ಗೊತ್ತೇ ಆಗಲ್ಲ. ಒಂದು ಪೂರ್ತಿ ಸುತ್ತು ಬಿಚ್ಕೊಂಡ್ರೆ ಹೆಚ್ಚುಕಡಿಮೆ 1 ಮಿಮೀ ಮುಂದಕ್ಕೆ ಬಂತು, ಕಾಲು ಸುತ್ತು ಅಂದ್ರೆ ಕಾಲು ಮಿಮೀ, ಲೆನ್ಸ್ ಲೆಕ್ಕದಲ್ಲಿ ಅದು ತುಂಬಾ ದೊಡ್ಡದು. ಆದ್ರೆ ಇದರ ಗುರುತು ಬೇರೆ, ಗಮನ ಇಟ್ಟು ನೋಡಿ: ಲೆನ್ಸ್ ಜೊತೆಗೇ ಹಿಂದಿರೋ ಕಪ್ಲಿಂಗ್ ರಿಂಗೂ (ಲೆನ್ಸ್ ಎಲ್ಲಿದೆ ಅಂತ ರೇಂಜ್‌ಫೈಂಡರಿಗೆ ತಿಳಿಸೋ ರಿಂಗ್) ಮುಂದಕ್ಕೆ ಬರೋದ್ರಿಂದ ರೇಂಜ್‌ಫೈಂಡರಿಗೂ ಆ ಬದಲಾವಣೆ ಗೊತ್ತಾಗುತ್ತೆ, ಹಾಗಾಗಿ ಹತ್ತಿರದ ಫೋಟೋ ಸರಿಯಾಗೇ ಬರುತ್ತೆ, ಇನ್ಫಿನಿಟಿ, ಅಂದ್ರೆ ತುಂಬಾ ದೂರದ ಫೋಕಸ್, ಮಾತ್ರ ಸಿಗಲ್ಲ, ಲೆನ್ಸ್ ಮೇಲಿನ ಮೀಟರ್ ಗುರುತೂ ಸುಳ್ಳು ಹೇಳುತ್ತೆ. ನಿಮ್ಮದು ಹತ್ತಿರದಲ್ಲಿ ಸರಿ, ದೂರದಲ್ಲಿ ಮಂಕು ಅಂತಾದ್ರೆ ಮೊದ್ಲು ಲೆನ್ಸನ್ನ ಬಿಗಿಯಾಗಿ ತಿರುಗಿಸಿ ನೋಡಿ. ನನ್ನದು ಉಲ್ಟಾ ಇತ್ತು.

ಇನ್ನೊಂದು ಅಪರ್ಚರ್. ಇದರ ರಿಂಗಿಗೆ ಕ್ಲಿಕ್ ಇಲ್ಲ, ಜೊತೆಗೆ ಫೋಕಸ್ ಮಾಡುವಾಗ ಲೆನ್ಸಿನ ಮುಂಭಾಗ ಪೂರ್ತಿ ತಿರುಗುತ್ತೆ, ಎಫ್ 5.6 ಇಟ್ಟಿದ್ದೀನಿ ಅನ್ಕೊಂಡಿರ್ತೀರಿ, ಬೆರಳು ತಾಗಿ ಎಫ್ 2.8ಕ್ಕೆ ಬಂದಿರುತ್ತೆ. ಡೆಪ್ತ್ (ಫೋಕಸ್ ಹಿಂದೆ ಮುಂದೆ ಶಾರ್ಪ್ ಇರೋ ಜಾಗ) ಇಲ್ಲ, ಫಿಲ್ಮಿಗೆ ಬೆಳಕು ಜಾಸ್ತಿ ಬಿದ್ದಿದೆ ಅನ್ನೋ ಎರಡೂ ಒಟ್ಟಿಗೆ ಕಂಡ್ರೆ ಕಾರಣ ಇದು. ಅಪರ್ಚರ್ ಗುರುತು ನೇರ ಮೇಲ್ಗಡೆ ಬರದೆ ಸ್ವಲ್ಪ ಪಕ್ಕಕ್ಕೆ ನಿಲ್ಲೋದು ಸುಮಾರು ಲೆನ್ಸಲ್ಲಿ ಇದೆ, ಫೋಕಸ್ ಸರಿ ಇದ್ರೆ ಅದಕ್ಕೆ ತಲೆ ಕೆಡಿಸ್ಕೋಬೇಡಿ.

ತಪ್ಪು ಲೆನ್ಸಿಂದಾ, ಬಾಡಿಯಿಂದಾ

ಇದನ್ನ ಬಿಟ್ಟು ನೇರ ಲೆನ್ಸ್ ಬಿಚ್ಚೋರೇ ಜಾಸ್ತಿ, ನಂಗೆ ಅದು ನೋಡಿದ್ರೆ ಹೊಟ್ಟೆ ಉರಿಯುತ್ತೆ, ಯಾಕಂದ್ರೆ ಅರವತ್ತು ವರ್ಷ ಸರಿಯಾಗಿದ್ದ ಲೆನ್ಸು ಬಾಡಿ ತಪ್ಪಿಗೆ ಹಾಳಾಗುತ್ತೆ. ರೇಂಜ್‌ಫೈಂಡರ್ ಕ್ಯಾಮೆರಾದಲ್ಲಿ ನಾವು ಲೆನ್ಸ್ ಮೂಲಕ ನೋಡೋದೇ ಇಲ್ಲ, ಲೆನ್ಸ್ ಹಿಂದಿನ ರಿಂಗು ಬಾಡಿಯೊಳಗಿನ ಸಣ್ಣ ತೋಳನ್ನ ತಳ್ಳುತ್ತೆ, ಆ ತೋಳು ಕನ್ನಡಿನೋ ಪ್ರಿಸ್ಮನ್ನೋ ತಿರುಗಿಸುತ್ತೆ, ನಮಗೆ ಕಾಣೋದು ಆ ತೋಳಿನ ಲೆಕ್ಕ ಅಷ್ಟೇ. ಹಾಗಾಗಿ ಎರಡು ಪ್ರಶ್ನೆ ಬೇರೆಬೇರೆ ಕೇಳ್ಬೇಕು: ಲೆನ್ಸ್ ಫಿಲ್ಮ್ ಮೇಲೆ ಎಲ್ಲಿ ಫೋಕಸ್ ಮಾಡ್ತಿದೆ, ರೇಂಜ್‌ಫೈಂಡರ್ ಎಲ್ಲಿ ಅಂತ ಹೇಳ್ತಿದೆ.

ಎರಡನೇದು ಸುಲಭ, ರಾತ್ರಿ ಚಂದ್ರನನ್ನ ನೋಡಿ. ಲೆನ್ಸನ್ನ ಇನ್ಫಿನಿಟಿ ಸ್ಟಾಪಿಗೆ (ಫೋಕಸ್ ರಿಂಗ್ ಮುಂದೆ ತಿರುಗದೆ ನಿಲ್ಲೋ ಕೊನೆ) ತಾಗಿಸಿ ಚಂದ್ರನ ಅಂಚು ನೋಡಿದ್ರೆ ಎರಡು ಚಂದ್ರ ಒಂದರ ಮೇಲೊಂದು ಪೂರ್ತಿ ಕೂರ್ಬೇಕು. ಹಗಲಲ್ಲಿ ಆದ್ರೆ ಕಿಲೋಮೀಟರ್‌ಗಿಂತ ದೂರದ ಏನಾದ್ರೂ ಆಗುತ್ತೆ, ಮೈಸೂರಲ್ಲಿ ಇರೋರಿಗೆ ತಾರಸಿಯಿಂದ ಕಾಣೋ ಚಾಮುಂಡಿ ಬೆಟ್ಟದ ಮೇಲಿನ ಗೋಪುರ ಸಾಕು. ಎದುರು ರಸ್ತೆ ಕರೆಂಟ್ ಕಂಬ ಇನ್ಫಿನಿಟಿ ಅಲ್ಲ, ಅದನ್ನ ನಂಬ್ಕೊಂಡು ಬಾಡಿ ಅಡ್ಜಸ್ಟ್ ಮಾಡ್ಬೇಡಿ. ನನ್ನ ಕ್ಯಾಮೆರಾದಲ್ಲಿ ಎರಡು ಚಂದ್ರ ಸೇರ್ತಾನೇ ಇರ್ಲಿಲ್ಲ, ಇನ್ನೊಂದು ಚೂರು ತಿರುಗಿಸೋಕಾಗಿದ್ರೆ ಸೇರ್ತಿತ್ತು, ಆದ್ರೆ ಸ್ಟಾಪ್ ಬಂದಾಗಿತ್ತು. ಲೆನ್ಸ್ ಬಿಗಿಯಾಗೇ ಕೂತಿತ್ತು. ಆಮೇಲೆ ಅದೇ ಬಾಡಿಗೆ ಕ್ಯಾನನ್ನಿನದೇ 50 ಎಫ್ 1.8 ಹಾಕಿ ನೋಡಿದೆ, ಅದರಲ್ಲೂ ಅಷ್ಟೇ ಸಂದು. ಎರಡು ಲೆನ್ಸಲ್ಲೂ ಒಂದೇ ತಪ್ಪು ಅಂದ್ರೆ ಬಾಡಿಯದ್ದು. ಜುಪಿಟರನ್ನ ಸ್ನೇಹಿತರ ಸೋವಿಯತ್ ರೇಂಜ್‌ಫೈಂಡರ್ ಕ್ಯಾಮೆರಾ ಜೋರ್ಕಿ-4ಕ್ಕೆ ಹಾಕಿದಾಗ ಚಂದ್ರ ಸರಿಯಾಗಿ ಸೇರಿತು, ಅಲ್ಲಿಗೆ ಅನುಮಾನ ಮುಗೀತು. (ಜೋರ್ಕಿ-4 ಹಿಡಿಯೋರು ಒಂದು ನೆನಪಿಡಿ, ಶಟರ್ ವೈಂಡ್ ಮಾಡಿದ ಮೇಲೆಯೇ ಸ್ಪೀಡ್ ಬದಲಾಯಿಸ್ಬೇಕು, ಮುಂಚೆ ತಿರುಗಿಸಿದ್ರೆ ಒಳಗಿನ ಭಾಗ ಹಾಳಾಗುತ್ತೆ.)

ಬಾಡಿಯ ರೇಂಜ್‌ಫೈಂಡರನ್ನ ಗೊತ್ತಿರೋ ರಿಪೇರಿಯವರ ಹತ್ರ ಸರಿಮಾಡಿಸಿದೆ. ಸಂದು ಹೋಯ್ತು. ಅಜ್ಜಿಯನ್ನ ಮತ್ತೆ ಕೂರಿಸಿ ತೆಗೆದ್ರೆ ಈ ಸಲ ಓಲೆ ಅಲ್ಲ, ಕೆನ್ನೆ ಪಕ್ಕದ ಮುಂಗುರುಳು ಶಾರ್ಪ್. ತಪ್ಪು ಕಮ್ಮಿ ಆಯ್ತು, ಹೋಗಲಿಲ್ಲ. ಅಂದ್ರೆ ಒಂದರ ಮೇಲೊಂದು ಎರಡು ದೋಷ ಕೂತಿತ್ತು, ಒಂದನ್ನ ತೆಗೆದ ಮೇಲೆ ಇನ್ನೊಂದು ಕಾಣ್ತು.

ಗಾಜಿನ ಪರದೆ

ಈಗ ಮೊದಲ ಪ್ರಶ್ನೆ, ಲೆನ್ಸ್ ನಿಜವಾಗಿ ಎಲ್ಲಿ ಫೋಕಸ್ ಮಾಡ್ತಿದೆ. ಕ್ಯಾಮೆರಾ ಹಿಂಬಾಗಿಲು ತೆಗೀರಿ, ಫಿಲ್ಮ್ ಕೂರೋ ಜಾಗದ ಒಳ ಎರಡು ಹಳಿಗಳ ಮೇಲೆ ಮಂಜು ಬಣ್ಣದ ಟೇಪನ್ನ ಸುಕ್ಕಿಲ್ಲದೆ ಎಳೆದು ಅಂಟಿಸಿ, ಇಲ್ಲಾಂದ್ರೆ ಉಜ್ಜಿ ಮಸುಕು ಮಾಡಿದ ಗಾಜಿನ ತುಂಡು, ಮಸುಕು ಮುಖ ಲೆನ್ಸ್ ಕಡೆಗೆ ಇರ್ಲಿ. ಶಟರನ್ನ 'ಬಿ' ಸ್ಥಾನಕ್ಕೆ (ಒತ್ತಿ ಹಿಡಿದಷ್ಟು ಹೊತ್ತು ತೆರೆದೇ ಇರುತ್ತೆ) ಇಟ್ಟು ಕೇಬಲ್ ರಿಲೀಸಿಂದ ತೆರೆದಿಡಿ, ಎಫ್ 2, ಹಿಂದಿಂದ ಲೂಪ್. ಇನ್ಫಿನಿಟಿ ಸ್ಟಾಪಲ್ಲಿ ದೂರದ ಗೋಪುರ ಟೇಪ್ ಮೇಲೆ ಶಾರ್ಪ್ ಇರ್ಬೇಕು. ಹಿಂಬಾಗಿಲು ಪೂರ್ತಿ ತೆರೆಯೋ ಬಾಡಿಗಳಲ್ಲಿ ಇದು ಐದು ನಿಮಿಷದ ಕೆಲ್ಸ, ತಳದಿಂದ ಫಿಲ್ಮ್ ಹಾಕೋ ಹಳೇ ಲೈಕಾ ಥರದ್ದರಲ್ಲಿ ಆಗಲ್ಲ.

ಮಿರರ್‌ಲೆಸ್ ಡಿಜಿಟಲ್‌ಗೆ ಅಡಾಪ್ಟರ್ ಹಾಕಿ ನೋಡ್ಬಹುದಲ್ವಾ ಅಂತೀರ. ಲೆನ್ಸ್ ಶಾರ್ಪ್ ಇದೆಯಾ, ಒಂದು ಕಡೆ ಮಂಕಾ ಅಂತ ನೋಡೋಕೆ ಅದು ತುಂಬಾ ಒಳ್ಳೇದು, ಆದ್ರೆ ಇನ್ಫಿನಿಟಿ ಅಳತೆಗೆ ಬೇಡ. ಸ್ಕ್ರೂ ಮೌಂಟಲ್ಲಿ ಮೌಂಟ್‌ನಿಂದ ಫಿಲ್ಮಿಗೆ 28.8 ಮಿಮೀ, ಅಡಾಪ್ಟರುಗಳನ್ನ ಇನ್ಫಿನಿಟಿ ದಾಟಿ ಹೋಗ್ಲಿ ಅಂತ ಬೇಕಂತಲೇ ಸ್ವಲ್ಪ ಗಿಡ್ಡ ಮಾಡಿರ್ತಾರೆ. ಅದನ್ನ ನೋಡಿ ಲೆನ್ಸ್ ತಿದ್ದಿದ್ರೆ ಸರಿಯಿದ್ದ ಲೆನ್ಸ್ ಕೆಡುತ್ತೆ.

ಇನ್ಫಿನಿಟಿಯಲ್ಲೇ ಟೇಪ್ ಮೇಲೆ ಮಂಕು ಅಂದ್ರೆ ಯಾರೋ ಹಿಂದೆ ಬಿಚ್ಚಿದ್ದಾರೆ ಅಂತ ಅನುಮಾನ ಪಡಿ: ಒಳಗಿನ ತೆಳು ಉಂಗುರ ಕಳೆದುಹೋಗಿರುತ್ತೆ, ಅಥವಾ ಫೋಕಸ್ ತಿರುಪನ್ನ ಬೇರೆ ಹಲ್ಲಿಗೆ ಜೋಡಿಸಿರ್ತಾರೆ, ಅಥವಾ ಒಂದು ಲೆನ್ಸಿನ ಗಾಜನ್ನ ಇನ್ನೊಂದರ ಬ್ಯಾರಲ್‌ಗೆ (ಗಾಜು ಕೂರೋ ಲೋಹದ ಕೊಳವೆ) ಹಾಕಿರ್ತಾರೆ. ನನ್ನದರಲ್ಲಿ ಇನ್ಫಿನಿಟಿ ಚೆನ್ನಾಗಿತ್ತು. ಅಂದ್ರೆ ದೂರಕ್ಕೆ ಲೆನ್ಸ್ ಸರಿ, ರೇಂಜ್‌ಫೈಂಡರ್ ಸರಿ, ಹತ್ತಿರ ಬಂದ್ರೆ ಮಾತ್ರ ಎರಡೂ ಜಗಳ.

ಆ ಜಗಳದ ಕಾರಣ

ಇದೇ ಈ ಲೆನ್ಸಿನ ಅಸಲಿ ವಿಷಯ, ಸ್ವಲ್ಪ ಲೆಕ್ಕ ಇದೆ, ತಾಳ್ಮೆಯಿಂದ ಓದಿ. 50 ಅಂತ ಬರೆದಿದ್ರೂ ನಿಜವಾದ ಫೋಕಲ್ ಲೆಂತ್ 50 ಅಲ್ಲ. ಲೈಕಾ ಪದ್ಧತಿಯ ಬಾಡಿಗಳು, ಕ್ಯಾನನ್ ಪಿ ಕೂಡ, ಸುಮಾರು 51.6 ಮಿಮೀ ಲೆನ್ಸಿಗೆ ಹೊಂದಿಸಿದ ರೇಂಜ್‌ಫೈಂಡರ್ ಇಟ್ಕೊಂಡಿರುತ್ತೆ. ಜುಪಿಟರ್ ಕಾಂಟ್ಯಾಕ್ಸ್ ವಂಶ, ಸುಮಾರು 52.4 ಮಿಮೀ. ಥ್ರೆಡ್ ಒಂದೇ ಆದ್ದರಿಂದ ಚೆನ್ನಾಗಿ ಕೂರುತ್ತೆ, ಇನ್ಫಿನಿಟಿಯಲ್ಲಿ ವ್ಯತ್ಯಾಸಾನೇ ಕಾಣಲ್ಲ. ಆದ್ರೆ 1 ಮೀಟರಿಗೆ ಫೋಕಸ್ ಮಾಡೋಕೆ 51.6ರ ಲೆನ್ಸ್ ಸುಮಾರು 2.81 ಮಿಮೀ ಮುಂದೆ ಬಂದ್ರೆ ಸಾಕು, 52.4ರದ್ದು ಸುಮಾರು 2.90 ಬರ್ಬೇಕು. ರೇಂಜ್‌ಫೈಂಡರ್ 2.81ಕ್ಕೇ "ಆಯ್ತು" ಅನ್ನುತ್ತೆ, ನಾವು ಅಲ್ಲೇ ನಿಲ್ಲಿಸ್ತೀವಿ. 0.09 ಮಿಮೀ ಕಮ್ಮಿ ಬಿತ್ತು, ಮುಖದ ಹತ್ರ ಅದು ಸುಮಾರು 3 ಸೆಂಮೀ ಹಿಂದೆ ಫೋಕಸ್. ಎಫ್ 2ರಲ್ಲಿ 1 ಮೀಟರಿಗೆ ಸಿಗೋ ಡೆಪ್ತೇ ಆ ಕಡೆ ಈ ಕಡೆ ಎರಡೆರಡು ಸೆಂಮೀ ಚಿಲ್ಲರೆ, ಹಾಗಾಗಿ ಕಣ್ಣು ಹೊರಗೆ ಬಿದ್ದೇ ಬೀಳುತ್ತೆ. ಮುಂಗುರುಳು ಶಾರ್ಪ್ ಬಂದಿದ್ದು ಇದಕ್ಕೇ. ಜೋರ್ಕಿ, ಫೆಡ್ ಬಾಡಿಗಳು ಸೋವಿಯತ್ ಲೆನ್ಸಿಗೇ ಹೊಂದಿಸಿದ್ದು, ಅದರಲ್ಲಿ ಈ ತಾಪತ್ರಯ ಇಲ್ಲ. ಲೆನ್ಸೂ ಕೆಟ್ಟಿಲ್ಲ ಬಾಡಿನೂ ಕೆಟ್ಟಿಲ್ಲ, ಎರಡು ಮನೆತನದ ಅಳತೆಪಟ್ಟಿ ಬೇರೆ.

ಪಕ್ಕಾ ಮಾಡ್ಕೊಳ್ಳೋಕೆ ಟ್ರೈಪಾಡ್ ಹಾಕಿ, 1 ಮೀಟರ್ ದೂರದಲ್ಲಿ ಸ್ಕೇಲನ್ನ ಓರೆಯಾಗಿ ಮಲಗಿಸಿ, ಮಧ್ಯದ ಗೆರೆ ಹತ್ರ ಒಂದು ಬೆಂಕಿಪೊಟ್ಟಣ ನೆಟ್ಟಗೆ ನಿಲ್ಲಿಸಿ, ರೇಂಜ್‌ಫೈಂಡರಲ್ಲಿ ಪೊಟ್ಟಣಕ್ಕೆ ಫೋಕಸ್ ಮಾಡಿ, ಆಮೇಲೆ ಟೇಪ್ ಮೇಲೆ ಲೂಪಲ್ಲಿ ಸ್ಕೇಲಿನ ಯಾವ ಗೆರೆ ಶಾರ್ಪ್ ಇದೆ ಓದಿ. ಒಂದೇ ಸಲ ನಂಬ್ಬೇಡಿ, ಪ್ರತಿಸಲ ಫೋಕಸ್ ಕೆಡಿಸಿ ಮತ್ತೆ ಮಾಡಿ, ಐದಾರು ಸಲದ ಸರಾಸರಿ ತಗೊಳ್ಳಿ.

ಪರಿಹಾರ ಏನಂದ್ರೆ ಗಾಜಿನ ಬ್ಲಾಕನ್ನ ಬ್ಯಾರಲ್ಲಿಂದ ಕೂದಲೆಳೆಯಷ್ಟು ಮುಂದೆ ಕೂರಿಸೋದು. ಬ್ಲಾಕ್ ಇಡಿಯಾಗಿ ಹೊರಗೆ ಬರುತ್ತೆ, ಅದರ ಕೆಳಗೆ ತೆಳು ಉಂಗುರ ಇರುತ್ತೆ, ಅದನ್ನೇ ಶಿಮ್ ಅನ್ನೋದು. ಲೆನ್ಸ್ ಪೂರ್ತಿ ತಿರುಗಿಸಿ ಬಿಚ್ಕೊಂಡು ಮುಂದೆ ಬಂದಾಗ ಕಪ್ಲಿಂಗೂ ಜೊತೆಗೆ ಬಂತಲ್ಲ, ಇಲ್ಲಿ ಹಾಗಲ್ಲ, ಕಪ್ಲಿಂಗ್ ಇದ್ದಲ್ಲೇ ಇರುತ್ತೆ, ಗಾಜು ಮಾತ್ರ ಸರಿಯುತ್ತೆ, ಅದಕ್ಕೇ ಇದು ಕೆಲಸ ಮಾಡುತ್ತೆ. ಪೂರ್ತಿ 0.09 ಹಾಕಿದ್ರೆ 1 ಮೀಟರ್ ಸರಿಯಾಗುತ್ತೆ, ಆದ್ರೆ ಸ್ಟಾಪಲ್ಲಿ ಲೆನ್ಸ್ 30 ಮೀಟರ್ ದೂರಕ್ಕೇ ನಿಂತುಬಿಡುತ್ತೆ, ಎಫ್ 2ರಲ್ಲಿ ದೂರದ ಬೆಟ್ಟ ಮಂಕು. ನಾನು 0.05ರ ಹತ್ರ ನಿಂತೆ. ಅಡುಗೆಮನೆ ಅಲ್ಯೂಮಿನಿಯಂ ಫಾಯಿಲನ್ನ ಮೈಕ್ರೋಮೀಟರಲ್ಲಿ ಅಳೆದು ಮೂರು ಪದರ, ಅಂಚು ಏಳದ ಹಾಗೆ ಉಂಗುರ ಕತ್ತರಿಸಿ, ಮೂಲ ಶಿಮ್ ಜೊತೆಗೇ ಇಟ್ಟೆ. ಈಗ 1 ಮೀಟರಲ್ಲಿ ತಪ್ಪು ಸುಮಾರು 1.3 ಸೆಂಮೀ, ಡೆಪ್ತ್ ಒಳಗೇ ಬರುತ್ತೆ, ಬೆಟ್ಟಾನೂ ಎಫ್ 2ರಲ್ಲಿ ಒಪ್ಪೋ ಹಾಗಿದೆ, ಎಫ್ 5.6ರಲ್ಲಿ ಏನೂ ಗೊತ್ತಾಗಲ್ಲ. ಜನರ ಮುಖವೇ ತೆಗೆಯೋರು ಇನ್ನೂ ಸ್ವಲ್ಪ ಜಾಸ್ತಿ ಹಾಕ್ಕೊಳ್ಳಿ, ಊರು ಬೆಟ್ಟ ತೆಗೆಯೋರು ಮುಟ್ಟಲೇಬೇಡಿ.

ಇದಾದ ಮೇಲೂ ಒಂದು ಉಳಿಯುತ್ತೆ, ಅದು ದೋಷ ಅಲ್ಲ. ಎಫ್ 2ರಲ್ಲಿ ಸರಿಯಾಗಿ ಬಿದ್ದ ಫೋಕಸ್ ಎಫ್ 2.8, ಎಫ್ 4 ಮಾಡಿದಾಗ ಸ್ವಲ್ಪ ಹಿಂದಕ್ಕೆ ಸರಿಯುತ್ತೆ. ಅಂಚಿನ ಕಿರಣ ಕಟ್ ಆಗಿ ನಡುವಿನ ಕಿರಣ ಉಳಿಯೋದ್ರಿಂದ ಆಗೋದು, ಮೇಲೆ ಹೇಳಿದ ವಿಪಥನದ ಇನ್ನೊಂದು ಮುಖ. ಎಫ್ 5.6 ದಾಟಿದ್ರೆ ಡೆಪ್ತ್ ಅದನ್ನ ನುಂಗುತ್ತೆ. ಶಿಮ್ ಟೆಸ್ಟನ್ನ ಯಾವಾಗಲೂ ಎಫ್ 2ರಲ್ಲೇ ಮಾಡಿ, ಎಫ್ 4ರಲ್ಲಿ ಮಾಡಿದ್ರೆ ಫೋಕಸ್ ಹೀಗೆ ಸರಿದಿದ್ದನ್ನೂ ಶಿಮ್ ತಪ್ಪಿಗೆ ಸೇರಿಸಿಬಿಡ್ತೀರಿ. ಎಫ್ 4ರಲ್ಲಿ ಹತ್ತಿರದ ಮುಖ ತೆಗೆಯುವಾಗ ನಾನು ಕಣ್ಣಿಗೆ ಫೋಕಸ್ ಮಾಡಿ ಕ್ಯಾಮೆರಾ ಸಮೇತ ನನ್ನ ತಲೆಯನ್ನ ಒಂದು ಬೆರಳಷ್ಟು ಹಿಂದೆ ತಗೋತೀನಿ, ಅಷ್ಟೇ.

ಫೋಕಸ್ ಸರಿ, ಚಿತ್ರ ಮಾತ್ರ ಹಾಲುಹಾಲು ಅಂದ್ರೆ

ಟಾರ್ಚ್ ತಗೊಳ್ಳಿ, ಕತ್ತಲೆ ಕೋಣೆ, ಅಪರ್ಚರ್ ಪೂರ್ತಿ ತೆರೆದು ಒಂದು ತುದಿಯಿಂದ ಬೆಳಕು ಬಿಟ್ಟು ಇನ್ನೊಂದು ತುದಿಯಿಂದ ಓರೆಯಾಗಿ ನೋಡಿ. ಸಮನಾಗಿ ಹಬ್ಬಿದ ಮಂಜು ಅಂದ್ರೆ ಗ್ರೀಸ್ ಆವಿಯಾಗಿ ಕೂತಿದ್ದು, ಹೆಚ್ಚಾಗಿ ಅಪರ್ಚರ್ ಪಕ್ಕದ ಮುಖಗಳಲ್ಲಿ. ಬೇರಿನ ಥರ ಕವಲೊಡೆದ ಎಳೆ ಅಂದ್ರೆ ಫಂಗಸ್. ಅಂಚಿಂದ ಒಳಗೆ ಬರ್ತಿರೋ ಕಾಮನಬಿಲ್ಲು ಬಣ್ಣ ಅಥವಾ ಎಣ್ಣೆ ಮಚ್ಚೆ ಥರದ್ದು ಅಂದ್ರೆ ಗಾಜುಗಳ ನಡುವಿನ ಅಂಟು ಬಿಡ್ತಿದೆ. ಒಂದೆರಡು ಗುಳ್ಳೆ ಗಾಜಿನೊಳಗೇ ಇದ್ರೆ ಅದು ಎರಕದ್ದು, ಚಿತ್ರಕ್ಕೆ ಏನೂ ಆಗಲ್ಲ. ಮುಂದಿನ ಗಾಜಲ್ಲಿ ಒರೆಸಿ ಒರೆಸಿ ಬಿದ್ದ ನೂಲುಗೆರೆ ಇದ್ರೆ ಬಿಸಿಲಿಗೆ ಎದುರಾದಾಗ ಕಾಂಟ್ರಾಸ್ಟ್ ಬೀಳುತ್ತೆ, ಹುಡ್ ಹಾಕಿ, ಫಿಲ್ಟರ್ ಥ್ರೆಡ್ 40.5 ಮಿಮೀ, ಸುಲಭವಾಗಿ ಸಿಗುತ್ತೆ.

ಮಂಜು ಮಾತ್ರ ಮನೆಯಲ್ಲಿ ತೆಗೆಯೋ ಧೈರ್ಯ ಮಾಡ್ಬಹುದು, ಹಿಂದಿನ ಗಾಜಿನ ಗುಂಪು ಬಿಚ್ಚಿದ್ರೆ ಅಪರ್ಚರ್ ಕಡೆಯ ಮುಖ ಕೈಗೆ ಸಿಗುತ್ತೆ, ಲೆನ್ಸ್ ದ್ರವ ಹಚ್ಚಿದ ಟಿಶ್ಯೂ, ಒತ್ತಡ ಇಲ್ಲದೆ ಒಂದೇ ಸಲ, ಯಾಕಂದ್ರೆ ಆ ಕಾಲದ ಕೋಟಿಂಗ್ ಮೆತ್ತಗೆ. ಅಂಟು ಬಿಟ್ಟಿದ್ರೆ, ಅದರಲ್ಲೂ ಮೂರು ಗಾಜಿನ ಮಧ್ಯದ ಗುಂಪಲ್ಲಿ, ಕೈ ಹಾಕ್ಬೇಡಿ. ಅಪರ್ಚರ್ ಎಲೆ ಮೇಲೆ ಎಣ್ಣೆ ಕಂಡ್ರೆ ಈ ಲೆನ್ಸ್ ಕೆಲಸಕ್ಕೆ ತೊಂದರೆ ಇಲ್ಲ, ಎಲೆಗಳು ಸ್ಪ್ರಿಂಗಿಂದ ಹಾರಲ್ಲ, ನಾವೇ ಕೈಯಲ್ಲಿ ತಿರುಗಿಸೋದು. ಆದ್ರೆ ಅದೇ ಎಣ್ಣೆ ನಾಳೆ ಮಂಜಾಗಿ ಗಾಜಿಗೆ ಕೂರುತ್ತೆ, ಹಾಗಾಗಿ ಕ್ಲೀನ್ ಮಾಡಿಸೋದೇ ಒಳ್ಳೇದು. ಮಲೆನಾಡು, ಕರಾವಳಿಯಲ್ಲಿ ಇರೋರು ಮಳೆಗಾಲದಲ್ಲಿ ಲೆದರ್ ಕೇಸಲ್ಲಿ ಇಡ್ಬೇಡಿ, ಚರ್ಮ ತೇವ ಹಿಡಿಯುತ್ತೆ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಡಿ, ಬಣ್ಣ ಬದಲಾದ ತಕ್ಷಣ ಒಣಗಿಸಿ.

ಫ್ರೇಮಿನ ಒಂದು ಕಡೆ ಮಾತ್ರ ಮಂಕು ಅಂದ್ರೆ ಗಾಜು ಓರೆ ಕೂತಿದೆ, ಅಥವಾ ಬಾಡಿಯ ಮೌಂಟ್ ಬಾಗಿದೆ. ಇದಕ್ಕೆ ಡಿಜಿಟಲ್ ಬಾಡಿ ಉಪಯೋಗಕ್ಕೆ ಬರುತ್ತೆ, ಅಲ್ಲೂ ಅದೇ ಕಡೆ ಮಂಕಾದ್ರೆ ಲೆನ್ಸಿನದ್ದು. ನಾಲ್ಕೂ ಮೂಲೆ ಸಮನಾಗಿ ಮಂಕಾಗಿದ್ರೆ ಎಫ್ 2ರಲ್ಲಿ ಸೊನ್ನಾರ್ ಇರೋದೇ ಹಾಗೆ, ಅದಕ್ಕೆ ದುಡ್ಡು ಖರ್ಚು ಮಾಡ್ಬೇಡಿ.

ಎಲ್ಲ ಮುಗಿದ ಮೇಲೆ ಒಂದು ಚೀಟಿಯಲ್ಲಿ ಮೂಲ ಶಿಮ್ ದಪ್ಪ, ನೀವು ಸೇರಿಸಿದ ದಪ್ಪ, ಯಾವ ಬಾಡಿಗೆ ಹೊಂದಿಸಿದ್ದು, ದಿನಾಂಕ ಬರೆದು ಲೆನ್ಸ್ ಡಬ್ಬಿಯಲ್ಲಿ ಹಾಕಿಡಿ. ನನ್ನ ಲೆನ್ಸ್ ಈಗ ಕ್ಯಾನನ್ನಿಗೆ ಸರಿ, ಅದನ್ನ ಜೋರ್ಕಿಗೆ ಹಾಕಿದ್ರೆ ಹತ್ತಿರದ ಫೋಕಸ್ ಸ್ವಲ್ಪ ಮುಂದೆ ಬೀಳುತ್ತೆ, ಮುಂದೆ ಅದನ್ನ ಯಾರು ತಗೊಂಡ್ರೂ ಆ ಚೀಟಿ ನೋಡಿ ಫಾಯಿಲ್ ಉಂಗುರ ತೆಗೆದ್ರೆ ಲೆನ್ಸ್ ಕ್ರಾಸ್ನೊಗೋರ್ಸ್ಕಿಂದ ಬಂದ ಅಳತೆಗೇ ವಾಪಸ್ ಹೋಗುತ್ತೆ.